ಕಟ್ಟೆಯ ಖಾತೆ ಯಾರ ಹೆಸರಲ್ಲಿದೆ?

ಅಪ್ಪ ನ್ಯೂಯಾರ್ಕಿಗೆ ಬಂದ ಎರಡನೇ ವಾರ, ಮೇ ತಿಂಗಳ ಒಂದು ಮಧ್ಯಾಹ್ನ, ನಾನು ಕೆಲಸ ಮಾಡುವ ಮಿಡ್‌ಟೌನಿಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಹೊರಗಿನ ಊಟ ಅವರಿಗೆ ಒಗ್ಗದ ಕಾರಣ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡಿದ್ದೆವು. ಕೂತು ತಿನ್ನುವುದಕ್ಕೆ ಒಂದು ಜಾಗ ಬೇಕಿತ್ತು. ಪಾರ್ಕ್ ಅವೆನ್ಯೂದಲ್ಲಿ, 52 ಮತ್ತು 53ನೇ ಬೀದಿಗಳ ನಡುವೆ, ಸೀಗ್ರಾಂ ಕಟ್ಟಡವು ರಸ್ತೆಯಿಂದ ಬಹಳ ಹಿಂದಕ್ಕೆ ಸರಿದು ನಿಂತಿದೆ. ಮುಂದೆ ನಸುಗೆಂಪು ಗ್ರಾನೈಟಿನ ಅಂಗಳ, ಅಂಗಳದಲ್ಲಿ ಎರಡು ಕೊಳ, ಎರಡೂ ಬದಿಗೆ ಉದ್ದಕ್ಕೆ ಹಸಿರು ಅಮೃತಶಿಲೆಯ ಕಟ್ಟೆ. ಆಗಲೇ ಹತ್ತಿಪ್ಪತ್ತು ಜನ ಅಲ್ಲಿ ಕೂತು ಊಟ ಮಾಡುತ್ತಿದ್ದರು. ನಾನು ಕೂತೆ, ಅಪ್ಪ ಕೂರಲಿಲ್ಲ. ಗಾಜಿನ ಬಾಗಿಲಿನ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿ, "ಇದು ಯಾರ ಜಗಲಿ ಮಾರಾಯ್ತಿ? ಖಾತೆ ಯಾರ ಹೆಸರಲ್ಲಿದೆ?" ಎಂದು ಕೇಳಿದರು.

ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಶಿವಮೊಗ್ಗ ಜಿಲ್ಲೆಯ ಗದ್ದೆ ತೋಟಗಳನ್ನು ಅಳೆದವರು ಅವರು. ಯಾವ ನೆಲವನ್ನು ಕಂಡರೂ ಅವರಿಗೆ ಮೊದಲು ಹೊಳೆಯುವುದು ಅದರ ಚಂದವಲ್ಲ, ಅದರ ಚಕ್ಕುಬಂದಿ. "ಯಾರೂ ಏನೂ ಅನ್ನಲ್ಲ, ಕೂತ್ಕೊಳ್ಳಿ ಅಪ್ಪ" ಎಂದು ನಾನು ಹೇಳಿದ್ದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಕೊನೆಗೆ ಕೂತರು, ಆದರೆ ಅಂಚಿನಲ್ಲಿ, ಕರೆಯದ ಮನೆಗೆ ಹೋದವರು ಕೂರುವ ಹಾಗೆ. ತಿಂದು ಮುಗಿಸಿದ ಮೇಲೆ ಕಟ್ಟೆಯ ಎತ್ತರವನ್ನು ಗೇಣಿನಿಂದ ಅಳೆದು ನೋಡಿದರು. ನಾನು ಈ ಊರಿನಲ್ಲಿ ಹನ್ನೊಂದು ವರ್ಷದಿಂದ ಇಂಥ ಕಟ್ಟೆಗಳ ಮೇಲೆ ಕೂತು ಡಬ್ಬಿ ಬಿಚ್ಚಿದ್ದೇನೆ. ಖಾತೆಯ ಪ್ರಶ್ನೆ ನನಗೆ ಒಮ್ಮೆಯೂ ಹುಟ್ಟಿರಲಿಲ್ಲ. ಅಪ್ಪ ಇದ್ದ ಮೂರು ತಿಂಗಳಲ್ಲಿ ಅದರ ಬೆನ್ನು ಹತ್ತಿ ಓದಿದ್ದೇ ಈ ಬರಹ.

ಮ್ಯಾನ್‌ಹ್ಯಾಟನ್ನಿನಲ್ಲಿ ಕೂರುವ ಜಾಗ ಯಾಕೆ ಇಷ್ಟು ಕಡಿಮೆ ಎಂಬುದಕ್ಕೆ 1811ರ ನಕ್ಷೆಗೆ ಹೋಗಬೇಕು. ಆ ವರ್ಷ ಮೂವರು ಕಮಿಷನರುಗಳು ದ್ವೀಪದ ಮೇಲೆ 12 ಉದ್ದನೆಯ ಅವೆನ್ಯೂಗಳನ್ನೂ 155 ಅಡ್ಡ ಬೀದಿಗಳನ್ನೂ ಗೆರೆ ಎಳೆದು, ಗುಡ್ಡ ಹಳ್ಳಗಳೆಂದು ನೋಡದೆ ಇಡೀ ನೆಲವನ್ನು ಚೌಕಾಬಾರದ ಮಣೆಯ ಹಾಗೆ ಸೈಟುಗಳಾಗಿ ಕತ್ತರಿಸಿದರು. ಬಯಲು ಯಾಕೆ ಇಷ್ಟು ಕಡಿಮೆ ಎಂದು ಕೇಳುವವರಿಗೆ ಅವರು ತಮ್ಮ ಟಿಪ್ಪಣಿಯಲ್ಲೇ ಸಮಜಾಯಿಷಿ ಬರೆದಿಟ್ಟರು: ದ್ವೀಪದ ಎರಡೂ ಕಡೆ ಅಗಲವಾದ ನೀರು ಇರುವಾಗ ಗಾಳಿಗಾಗಿ ಬೇರೆ ಬಯಲು ಅಷ್ಟಾಗಿ ಬೇಡ. ಸೆಂಟ್ರಲ್ ಪಾರ್ಕ್ ಆ ನಕ್ಷೆಯಲ್ಲಿ ಇರಲೇ ಇಲ್ಲ; ಅದಕ್ಕೆ ಮನಸ್ಸು ಮಾಡಲು ಇನ್ನೂ ನಾಲ್ಕು ದಶಕ ಹಿಡಿಯಿತು. ಸೈಟು ಮಾರುವವರಿಗೆ ಇಷ್ಟು ಅನುಕೂಲವಾದ ನಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಬೆಂಗಳೂರಿನ ಖಾಸಗಿ ಬಡಾವಣೆಗಳನ್ನೂ ಸೇರಿಸಿ ಈ ಮಾತು ಹೇಳುತ್ತಿದ್ದೇನೆ.

ಮುಂದೆ ಲಿಫ್ಟು ಬಂತು, ಉಕ್ಕಿನ ಚೌಕಟ್ಟು ಬಂತು, ಸೈಟುಗಳು ಮೇಲಕ್ಕೆ ಬೆಳೆಯತೊಡಗಿದವು. 1915ರಲ್ಲಿ ಬ್ರಾಡ್‌ವೇಯ 120ನೇ ನಂಬರಿನಲ್ಲಿ ಈಕ್ವಿಟಬಲ್ ಕಟ್ಟಡ ಎದ್ದು ನಿಂತಿತು. ಒಂದು ಎಕರೆಗೂ ಕಡಿಮೆ ನೆಲದ ಮೇಲೆ ಸುಮಾರು 12 ಲಕ್ಷ ಚದರಡಿ. ಅಂಚಿನಿಂದ ಅಂಚಿಗೆ, ನೇರವಾಗಿ, ಎಲ್ಲಿಯೂ ಒಂದಡಿ ಹಿಂದೆ ಸರಿಯದ ಗೋಡೆ. ಅದರ ನೆರಳು ಬಿದ್ದ ಅಕ್ಕಪಕ್ಕದ ಕಟ್ಟಡಗಳಲ್ಲಿ ಹಗಲೇ ದೀಪ ಹಚ್ಚುವ ಪರಿಸ್ಥಿತಿ ಬಂದು, ಬಾಡಿಗೆ ಇಳಿಯುವ ಭಯ ಹುಟ್ಟಿತು. ನಗರಕ್ಕೆ ಬುದ್ಧಿ ಬಂದದ್ದು ಬಡವರ ಕತ್ತಲೆಯಿಂದ ಮಾತ್ರವಲ್ಲ, ಒಡೆಯರ ಬಾಡಿಗೆಯಿಂದಲೂ ಹೌದು ಎಂಬುದನ್ನು ಮರೆಯಬಾರದು. ಮರುವರ್ಷ, 1916ರಲ್ಲಿ, ಇಡೀ ನಗರಕ್ಕೆ ಅನ್ವಯಿಸುವ ಅಮೆರಿಕದ ಮೊದಲ ಝೋನಿಂಗ್ ಕಾನೂನು ಜಾರಿಗೆ ಬಂತು. ಬೀದಿಯ ಅಗಲಕ್ಕೆ ತಕ್ಕ ಎತ್ತರದವರೆಗೆ ನೇರ ಕಟ್ಟಬಹುದು, ಅಲ್ಲಿಂದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯಬೇಕು, ಸೈಟಿನ ಕಾಲು ಭಾಗದ ಮೇಲೆ ಮಾತ್ರ ಎಷ್ಟು ಬೇಕಾದರೂ ಎತ್ತರಕ್ಕೆ ಹೋಗಬಹುದು. ಎಂಪೈರ್ ಸ್ಟೇಟ್ ಕಟ್ಟಡದ ಆ ಮೆಟ್ಟಿಲು ಆಕಾರವನ್ನು ವಾಸ್ತುಶಿಲ್ಪಿಯ ಕಲ್ಪನೆ ಎಂದುಕೊಂಡೇ ನಾವು ಫೋಟೋ ತೆಗೆಯುತ್ತೇವೆ. ಅದರ ಅರ್ಧವನ್ನಾದರೂ ಬರೆದದ್ದು ಕಾನೂನು.

ಆ ಕಾನೂನು ಬೆಳಕನ್ನು ಕಾಪಾಡಿತು, ನೆಲವನ್ನಲ್ಲ. ಕಟ್ಟಡದ ಬುಡ ಈಗಲೂ ಕಾಲುದಾರಿಗೆ ಒತ್ತಿಕೊಂಡೇ ಇತ್ತು. ಅದನ್ನು ಮುರಿದದ್ದು ಸೀಗ್ರಾಂ, ಮತ್ತು ಸೀಗ್ರಾಂ ಹಾಗೆ ಆದದ್ದು ಒಬ್ಬ ಮಗಳು ಅಪ್ಪನಿಗೆ ಬರೆದ ಕಾಗದದಿಂದ. ಮದ್ಯದ ಕಂಪನಿಯ ಒಡೆಯ ಸ್ಯಾಮ್ಯುಯೆಲ್ ಬ್ರಾನ್‌ಫ್‌ಮನ್ 1954ರಲ್ಲಿ ತನ್ನ ಹೊಸ ಕಚೇರಿಯ ನಕ್ಷೆಯನ್ನು ಪ್ಯಾರಿಸಿನಲ್ಲಿದ್ದ 27 ವರ್ಷದ ಮಗಳು ಫಿಲಿಸ್ ಲ್ಯಾಂಬರ್ಟಳಿಗೆ ಕಳಿಸಿದಾಗ, ಆಕೆ ಬರೆದ ಉದ್ದನೆಯ ಉತ್ತರ 'ಇಲ್ಲ, ಇಲ್ಲ, ಇಲ್ಲ' ಎಂಬ ಒಂದೇ ಪದದ ಸಾಲಿನಿಂದ ಶುರುವಾಗಿತ್ತು. ಅಪ್ಪ ಮಗಳನ್ನೇ ಕರೆಸಿ ವಾಸ್ತುಶಿಲ್ಪಿಯನ್ನು ಆರಿಸುವ ಕೆಲಸ ಒಪ್ಪಿಸಿದರು. ಆಕೆ ಮೀಸ್ ವಾನ್ ಡೆರ್ ರೋ ಅವರನ್ನು ಆರಿಸಿದಳು. 1958ರಲ್ಲಿ ಮುಗಿದ 38 ಅಂತಸ್ತಿನ ಆ ಕಂಚಿನ ಗೋಪುರ ಬೀದಿಯಿಂದ ಸುಮಾರು 90 ಅಡಿ ಹಿಂದೆ ನಿಂತಿತು. ದೇಶದ ಅತಿ ದುಬಾರಿ ನೆಲಗಳಲ್ಲಿ ಒಂದರ ಮೇಲೆ ಏನನ್ನೂ ಕಟ್ಟದೆ ಬಯಲು ಬಿಟ್ಟದ್ದು ಆಗ ದೊಡ್ಡ ಸುದ್ದಿ. ಈ ಒಂದು ಕಟ್ಟೆಯ ಮಟ್ಟಿಗೆ ಹೇಳುವುದಾದರೆ ಅಪ್ಪನ ಅನುಮಾನ ಸರಿಯೇ ಆಗಿತ್ತು: ಯಾವ ಕಾನೂನಿನ ಒತ್ತಾಯವೂ ಇಲ್ಲದೆ, ಯಾವ ವಿನಾಯಿತಿಗೂ ಪ್ರತಿಯಾಗಿ ಅಲ್ಲದೆ, ಒಡೆಯ ತನ್ನ ಜಗಲಿಯನ್ನು ಬಿಟ್ಟುಕೊಟ್ಟಿದ್ದ.

ನಗರ ಆ ಬಯಲಿಗೆ ಎರಡು ಬಗೆಯ ಉತ್ತರ ಕೊಟ್ಟಿತು, ಮತ್ತು ಅವೆರಡೂ ಪರಸ್ಪರ ತಾಳೆಯಾಗುವುದಿಲ್ಲ. ಒಂದು ಕಡೆ ತೆರಿಗೆಯವರು, ಕಟ್ಟಡ ತರುವ ಬಾಡಿಗೆಯನ್ನಲ್ಲ, ಅದಕ್ಕೆ ಸುರಿದ ಹಣವನ್ನು ನೋಡಿ ತೆರಿಗೆ ಬೆಲೆ ಕಟ್ಟಿದರು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. 1964ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ತೆರಿಗೆಯವರ ಪರವಾಗಿಯೇ ತೀರ್ಪು ಕೊಟ್ಟಿತು. ಕಂಚು ಬಳಸಿ, ನೆಲ ಬಿಟ್ಟು, ಚೆನ್ನಾಗಿ ಕಟ್ಟಿದ್ದಕ್ಕೆ ದಂಡ ಹಾಕಿದಂತಾಯಿತು ಎಂದು ವಾಸ್ತುಶಿಲ್ಪಿಗಳು ಹಲುಬಿದರು. ಇನ್ನೊಂದು ಕಡೆ ಅದೇ ನಗರ 1961ರಲ್ಲಿ ತನ್ನ ಝೋನಿಂಗ್ ಕಾನೂನನ್ನು ಹೊಸದಾಗಿ ಬರೆದು, ಸೀಗ್ರಾಂ ಬಿಟ್ಟ ಹಾಗೆ ಬಯಲು ಬಿಡುವವರಿಗೆಲ್ಲ ಬಹುಮಾನ ಘೋಷಿಸಿತು.

ಆ ಬಹುಮಾನದ ಲೆಕ್ಕವನ್ನು ಅಪ್ಪನಿಗೆ ಒಂದು ಲಕೋಟೆಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ಎಫ್‌ಎಆರ್ ಎಂದರೇನು ಎಂಬುದನ್ನು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ. ಅತಿ ದಟ್ಟ ವಲಯಗಳಲ್ಲಿ ಆ ಮಿತಿ 15 ಇತ್ತು. 10,000 ಚದರಡಿಯ ಸೈಟಿದ್ದರೆ 1,50,000 ಚದರಡಿ ಕಟ್ಟಬಹುದು. ಆದರೆ ಒಂದು ಚದರಡಿ ಬಯಲು ಬಿಟ್ಟರೆ ಪ್ರತಿಯಾಗಿ ಹತ್ತು ಚದರಡಿ ಹೆಚ್ಚಿಗೆ ಕಟ್ಟಿಕೊಳ್ಳಬಹುದು, ಮಿತಿ 18 ಆಗುವವರೆಗೆ. ಅಂದರೆ 3,000 ಚದರಡಿ ಅಂಗಳ ಬಿಟ್ಟವನಿಗೆ 30,000 ಚದರಡಿ ಕಚೇರಿ ಆಕಾಶದಲ್ಲಿ ಸಿಕ್ಕಿತು. ಮೇಲಿನ ಅಂತಸ್ತಿನ ಬಾಡಿಗೆ ಕೆಳಗಿನದಕ್ಕಿಂತ ಹೆಚ್ಚು ಎಂಬುದು ಬೇರೆ. ಅಪ್ಪ ಲಕೋಟೆಯನ್ನು ಕನ್ನಡಕದ ಹತ್ತಿರ ಹಿಡಿದು ಲೆಕ್ಕ ನೋಡಿ, "ಹಾಗಾದರೆ ಇದು ದಾನಪತ್ರ ಅಲ್ಲ, ಕ್ರಯಪತ್ರ" ಎಂದರು.

ನಾನು ಈ ಬರಹದಲ್ಲಿ ಹೇಳಬೇಕೆಂದಿದ್ದುದನ್ನು ಅಪ್ಪ ಅಷ್ಟರಲ್ಲೇ ಹೇಳಿಬಿಟ್ಟಿದ್ದರು. ಕ್ರಯವೇ ಹೌದು. ಆ ಹೆಚ್ಚಿನ ಅಂತಸ್ತುಗಳ ನೆರಳು ಬೀದಿಯಲ್ಲಿ ನಡೆಯುವ ಎಲ್ಲರ ಮೇಲೆ ಬಿತ್ತು, ರೈಲಿನ ನೂಕುನುಗ್ಗಲು ಎಲ್ಲರ ಪಾಲಿಗೆ ಹೆಚ್ಚಿತು. ಅದಕ್ಕೆ ಬದಲಾಗಿ ಊರಿಗೆ ಸಿಕ್ಕಿದ್ದು ಆ ಅಂಗಳ. ಖಾತೆ ಕಂಪನಿಯ ಹೆಸರಿನಲ್ಲೇ ಉಳಿಯುತ್ತದೆ, ಗುಡಿಸಿ ತೊಳೆಯುವುದೂ ಕಂಪನಿಯೇ, ಆದರೆ ಕೂರುವ ಹಕ್ಕಿಗೆ ಊರು ಬೆಲೆ ತೆತ್ತಾಗಿದೆ. ಇಂಥವುಗಳಿಗೆ ಸರ್ಕಾರಿ ಭಾಷೆಯಲ್ಲಿ ಖಾಸಗಿ ಒಡೆತನದ ಸಾರ್ವಜನಿಕ ಸ್ಥಳ ಎಂದು ಹೆಸರು. 2000ನೇ ಇಸವಿಯಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕ ಜೆರಾಲ್ಡ್ ಕೇಡನ್ ನಗರ ಯೋಜನಾ ಇಲಾಖೆಯ ಜೊತೆ ಸೇರಿ ಲೆಕ್ಕ ಹಾಕಿದಾಗ 320 ಕಟ್ಟಡಗಳಲ್ಲಿ 503 ಇಂಥ ಜಾಗಗಳು ಸಿಕ್ಕವು. ಅವುಗಳಲ್ಲಿ ನೂರಕ್ಕೆ 41ರಷ್ಟು ಹೆಚ್ಚೂ ಕಡಿಮೆ ಯಾರ ಉಪಯೋಗಕ್ಕೂ ಬಾರದವು ಎಂದು ಅವರು ಬರೆದರು.

ಉಪಯೋಗಕ್ಕೆ ಬಾರದಿರಲು ಕಾರಣ ಸರಳ. 1961ರ ಕಾನೂನು ಬಯಲು ಕೇಳಿತು, ಕೂರುವ ಜಾಗ ಕೇಳಲಿಲ್ಲ. ಕಾನೂನು ಕೇಳದ್ದನ್ನು ಕಟ್ಟುವವನು ಯಾಕೆ ಕೊಟ್ಟಾನು? ಆರನೇ ಅವೆನ್ಯೂದಲ್ಲಿ ರಾಕ್‌ಫೆಲ್ಲರ್ ಸೆಂಟರಿನ ಪಶ್ಚಿಮಕ್ಕೆ ಸಾಲಾಗಿ ನಿಂತ ಗೋಪುರಗಳ ಮುಂದೆ ಅಂಗಳದ ಪಕ್ಕ ಅಂಗಳ ಹುಟ್ಟಿಕೊಂಡಿತು. ಅಂಗಡಿ ಸಾಲು ಮಾಯವಾಗಿ, ಗೋಪುರದ ಬುಡದಿಂದ ಸುತ್ತಿ ಬರುವ ಗಾಳಿ ಮಾತ್ರ ಅಲ್ಲಿ ಓಡಾಡತೊಡಗಿತು. ಕೆಲವು ಕಡೆ ಅಂಗಳವನ್ನು ಬೀದಿಗಿಂತ ಕೆಳಗೆ ತೋಡಿದರು, ಕೆಲವು ಕಡೆ ಎತ್ತರಿಸಿದರು. ಜನ ಕೂತುಬಿಟ್ಟಾರು ಎಂಬ ಹೆದರಿಕೆಗೆ ಕಟ್ಟೆಯ ಅಂಚಿಗೆ ಕಬ್ಬಿಣದ ಮುಳ್ಳು ನೆಟ್ಟವರೂ ಇದ್ದರು. ಬಯಲು ಬಿಟ್ಟದ್ದಕ್ಕೆ ಬಹುಮಾನ ಪಡೆದು, ಆ ಬಯಲಿಗೆ ಮನುಷ್ಯರು ಬಾರದಂತೆ ಮುಳ್ಳು ನೆಡುವ ಧೈರ್ಯ ಸಾಮಾನ್ಯದ್ದಲ್ಲ.

ಇದನ್ನೆಲ್ಲ ಕೂತು ನೋಡಿದವರು ವಿಲಿಯಂ ವೈಟ್. ಕೂತು ನೋಡಿದವರು ಎಂಬುದನ್ನು ನಾನು ಅಕ್ಷರಶಃ ಬಳಸುತ್ತಿದ್ದೇನೆ. ಪತ್ರಕರ್ತರಾಗಿದ್ದ ಇವರು 1970ರ ದಶಕದ ಆರಂಭದಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಕಟ್ಟಡಗಳ ತಾರಸಿಯ ಮೇಲೆ ಕ್ಯಾಮೆರಾ ಇಟ್ಟು, ಅಂಗಳಗಳಲ್ಲಿ ಯಾರು ಎಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಎಂದು ದಿನಗಟ್ಟಲೆ ಚಿತ್ರಿಸಿದರು. ಸೀಗ್ರಾಂ ಮುಂದೆ ಜನ ತುಂಬಿ ತುಳುಕುತ್ತಿದ್ದಾಗ ಅದರಷ್ಟೇ ದೊಡ್ಡ ಬೇರೆ ಅಂಗಳಗಳು ಯಾಕೆ ಖಾಲಿ? ಬಿಸಿಲಿರಬಹುದೇ ಎಂದು ಲೆಕ್ಕ ಹಾಕಿದರು, ತಾಳೆಯಾಗಲಿಲ್ಲ. ವಿಸ್ತಾರವೋ, ಆಕಾರವೋ ಎಂದು ಅಳೆದರು, ಅದೂ ಅಲ್ಲ. ತಿಂಗಳುಗಟ್ಟಲೆ ಸಾಮು ಮಾಡಿದ ಮೇಲೆ ಕೊನೆಗೆ ದಕ್ಕಿದ ಉತ್ತರ ನಮ್ಮ ಊರಿನ ಹರಟೆಕಟ್ಟೆಯ ಯಾವ ಮುದುಕನೂ ಹೇಳಬಹುದಾಗಿದ್ದದ್ದು: ಕೂರುವುದಕ್ಕೆ ಜಾಗ ಇದ್ದಲ್ಲಿ ಜನ ಕೂರುತ್ತಾರೆ. ವೈಟ್ ಸ್ವತಃ ಇದನ್ನು ನಗುತ್ತಲೇ ಬರೆದುಕೊಂಡಿದ್ದಾರೆ. ಆದರೆ ಹರಟೆಕಟ್ಟೆಯ ಮುದುಕನಿಗೂ ಅವರಿಗೂ ಒಂದು ವ್ಯತ್ಯಾಸವಿತ್ತು. ಅವರ ಕೈಯಲ್ಲಿ ಫಿಲ್ಮಿನ ಸುರುಳಿಗಳಿದ್ದವು, ಅಂಕಿಗಳಿದ್ದವು, ಮತ್ತು ನಗರ ಯೋಜನಾ ಆಯೋಗದ ಎದುರು ಅವನ್ನು ಹರಡುವ ಛಲವಿತ್ತು.

ಅವರು ಕಂಡ ಸಣ್ಣಪುಟ್ಟ ಸಂಗತಿಗಳು ನನಗೆ ದೊಡ್ಡ ಸಿದ್ಧಾಂತಗಳಿಗಿಂತ ಹೆಚ್ಚು ಹಿಡಿಸುತ್ತವೆ. ಒಂದಡಿಯಿಂದ ಮೂರಡಿಯವರೆಗೆ ಯಾವ ಎತ್ತರದ ಕಟ್ಟೆಯ ಮೇಲೂ ಮನುಷ್ಯ ಕೂರುತ್ತಾನೆ. ಒಂದು ಜಾಗ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅಲ್ಲಿ ಹೆಂಗಸರು ಎಷ್ಟು ಮಂದಿ ಕೂತಿದ್ದಾರೆ ಎಂದು ಎಣಿಸಬೇಕು, ಏಕೆಂದರೆ ಜಾಗ ಆರಿಸುವುದರಲ್ಲಿ ಅವರು ಹೆಚ್ಚು ಎಚ್ಚರ. (ಇದನ್ನು ಓದಿದಾಗ ನನ್ನ ಹನ್ನೊಂದು ವರ್ಷದ ಕಟ್ಟೆಗಳೆಲ್ಲ ಒಂದೊಂದಾಗಿ ಕಣ್ಣಮುಂದೆ ಬಂದವು, ಬೆನ್ನಿಗೆ ಗೋಡೆ ಇಲ್ಲದ ಒಂದು ಕಟ್ಟೆಯೂ ಅವುಗಳಲ್ಲಿರಲಿಲ್ಲ.) ಜನ ನಿಂತು ಮಾತಾಡುವುದು ಮೂಲೆಯಲ್ಲಲ್ಲ, ಎಲ್ಲರೂ ಓಡಾಡುವ ದಾರಿಯ ನಟ್ಟನಡುವೆ, ಮದುವೆ ಛತ್ರದ ಬಾಗಿಲಲ್ಲೇ ನೆಂಟರು ಗುಂಪುಗೂಡುವುದನ್ನು ಕಂಡ ನಮಗೆ ಇದು ಹೊಸದಲ್ಲ. ಎಲ್ಲಕ್ಕಿಂತ ಮುದ್ದಾದದ್ದು ಕುರ್ಚಿಯ ವಿಚಾರ. ನೆಲಕ್ಕೆ ಜಡಿಯದ ಕುರ್ಚಿ ಸಿಕ್ಕರೆ ಯಾರೂ ಅದರ ಮೇಲೆ ನೇರವಾಗಿ ಕೂರುವುದಿಲ್ಲ, ಮೊದಲು ಒಂದೆರಡು ಅಂಗುಲ ಅತ್ತಲೋ ಇತ್ತಲೋ ಸರಿಸುತ್ತಾರೆ. ಬಿಸಿಲಿಗಾಗಿಯೂ ಅಲ್ಲ, ನೆರಳಿಗಾಗಿಯೂ ಅಲ್ಲ. ಕೆಲವೊಮ್ಮೆ ಸರಿಸಿ ಸರಿಸಿ ಮತ್ತೆ ಮೊದಲಿದ್ದ ಜಾಗಕ್ಕೇ ತಂದು ಕೂರುತ್ತಾರೆ.

1975ರಲ್ಲಿ ನಗರ ತನ್ನ ಕಾನೂನನ್ನು ತಿದ್ದಿತು. ಬಹುಮಾನ ಬೇಕಾದರೆ ಪ್ರತಿ 30 ಚದರಡಿ ಅಂಗಳಕ್ಕೆ ಒಂದಡಿ ಉದ್ದದ ಕೂರುವ ಜಾಗ ಕೊಡಬೇಕು, ಮರ ನೆಡಬೇಕು, ಅಂಗಳ ಬೀದಿಗೆ ಕಾಣುವಂತಿರಬೇಕು. ಮೂವತ್ತಕ್ಕೆ ಒಂದಡಿ. ನಗರ ನೀತಿ ಎಂಬ ದೊಡ್ಡ ಮಾತಿನ ಒಳಗೆ ಕೊನೆಗೂ ಕೆಲಸ ಮಾಡುವುದು ಇಷ್ಟು ಚಿಕ್ಕ ಅಂಕಿ ಎಂಬುದು ನನಗೆ ಖುಷಿಯ ವಿಷಯ. ಗಗನಚುಂಬಿಗಳ ಬಗ್ಗೆ ಬರೆಯುವವರು ಕಿರೀಟವನ್ನು ನೋಡುತ್ತಾರೆ, ಕಟ್ಟೆಯ ಅಳತೆಯನ್ನು ಬರೆದ ಗುಮಾಸ್ತನನ್ನು ನೋಡುವುದಿಲ್ಲ.

ಆದರೆ ಬರೆದದ್ದೆಲ್ಲ ನಡೆಯುತ್ತದೆ ಎಂದು ನಂಬುವಷ್ಟು ಸರ್ಕಾರಿ ಅನುಭವ ನಮ್ಮ ಮನೆಯಲ್ಲಿ ಕಡಿಮೆ ಇಲ್ಲ. ನನ್ನ ಕಚೇರಿಯಿಂದ ನಾಲ್ಕು ಹೆಜ್ಜೆ ದೂರದ ಒಂದು ಕಟ್ಟಡದ ಪಕ್ಕದಲ್ಲಿ ಇಂಥದೇ ಅಂಗಳವಿದೆ. 24 ಗಂಟೆಯೂ ಸಾರ್ವಜನಿಕರಿಗೆ ತೆರೆದಿದೆ ಎಂದು ಕಂಚಿನ ಫಲಕವೇ ಹೇಳುತ್ತದೆ. ಜೂನ್ ತಿಂಗಳ ಒಂದು ಸಂಜೆ ಏಳು ಗಂಟೆಗೆ, ಇನ್ನೂ ಚೆನ್ನಾಗಿ ಬೆಳಕಿರುವಾಗ, ನಾನೂ ಅಪ್ಪನೂ ಅಲ್ಲಿಗೆ ಹೋದರೆ ಗೇಟಿಗೆ ಸರಪಳಿ. ಸೆಕ್ಯುರಿಟಿಯವನು ಮುಚ್ಚಿದೆ ಎಂದ. ನಾನು ಫಲಕ ತೋರಿಸಿದೆ. ಅವನು ಅದನ್ನು ಮೊದಲ ಸಲ ನೋಡುವವನ ಹಾಗೆ ಬಗ್ಗಿ ಪೂರ್ತಿ ಓದಿ, ಬೋರ್ಡು ಹಳೆಯದು, ತನಗೆ ಹೇಳಿರುವುದು ಆರು ಗಂಟೆ ಎಂದು ಸಂಕೋಚದಿಂದಲೇ ಹೇಳಿದ. ನಾನು ಇನ್ನೂ ವಾದ ಮಾಡುವವಳಿದ್ದೆ. ಅಪ್ಪ ನನ್ನ ತೋಳು ಹಿಡಿದು, "ಪಾಪ, ಅವನ ಹತ್ತಿರ ಯಾಕೆ? ಅವನದ್ದೂ ಅಲ್ಲ, ನಮ್ಮದೂ ಅಲ್ಲ ಅಂದ್ಕೊಂಡಿದಾನೆ" ಎಂದರು. 2017ರಲ್ಲಿ ನಗರದ ಲೆಕ್ಕ ಪರಿಶೋಧಕರು 333 ಇಂಥ ತಾಣಗಳನ್ನು ಪರಿಶೀಲಿಸಿದಾಗ 182ರಲ್ಲಿ ಕೊಡಬೇಕಾದ ಸೌಕರ್ಯ ಕೊಟ್ಟಿರಲಿಲ್ಲ ಎಂದು ಕಂಡುಬಂದಿತ್ತು. ಆಮೇಲೆ ತಪಾಸಣೆಗೂ ಫಲಕಗಳಿಗೂ ಬಿಗಿಯಾದ ನಿಯಮ ಬಂದಿದೆ. ಬಂದಿದೆ ಎಂದಷ್ಟೇ ಹೇಳುತ್ತೇನೆ.

ಈ ಕ್ರಯಪತ್ರಗಳಲ್ಲಿ ಒಂದು ಜಗತ್ತಿಗೆಲ್ಲ ಗೊತ್ತಾದದ್ದು 2011ರ ಸೆಪ್ಟೆಂಬರಿನಲ್ಲಿ. ವಾಲ್‌ಸ್ಟ್ರೀಟ್ ವಿರುದ್ಧದ ಚಳವಳಿಗಾರರು ಡೇರೆ ಹಾಕಿದ ಝುಕಾಟಿ ಪಾರ್ಕ್ ಸರ್ಕಾರಿ ಉದ್ಯಾನವಲ್ಲ, ಖಾಸಗಿ ಕಂಪನಿಯದು. ಸರ್ಕಾರಿ ಉದ್ಯಾನವಾಗಿದ್ದರೆ ರಾತ್ರಿ ಬೀಗ ಬೀಳುತ್ತಿತ್ತು. ಇದು ಒಪ್ಪಂದದ ಪ್ರಕಾರ ಹಗಲೂ ರಾತ್ರಿ ತೆರೆದಿರಬೇಕಾದ ಜಾಗವಾದ್ದರಿಂದಲೇ ಅವರು ಸುಮಾರು ಎರಡು ತಿಂಗಳು ಅಲ್ಲಿ ಉಳಿಯಲು ಸಾಧ್ಯವಾಯಿತು. ಮುಕ್ಕಾಲು ಎಕರೆಯ ಆ ಜಾಗಕ್ಕೆ ಹೆಸರು ಕೊಟ್ಟ ಜಾನ್ ಝುಕಾಟಿ ಒಡೆಯರ ಕಂಪನಿಯ ಮುಖ್ಯಸ್ಥರಾಗಿದ್ದವರು, ಅದಕ್ಕೆ ಮೊದಲು 1970ರ ದಶಕದಲ್ಲಿ ನಗರ ಯೋಜನಾ ಆಯೋಗದ ಅಧ್ಯಕ್ಷರೂ ಆಗಿದ್ದವರು. ಕೊಟ್ಟವರ ಕಡೆಯೂ ಕೊಂಡವರ ಕಡೆಯೂ ಒಂದೇ ಹೆಸರು ಕಾಣುವುದು ಊರಿನ ದಸ್ತಾವೇಜುಗಳಲ್ಲಿ ಅಪರೂಪವೇನಲ್ಲ ಎಂದು ಅಪ್ಪ ಹೇಳಿದರು.

ನನ್ನ ತಕರಾರು ಬೇರೆ ಕಡೆಗಿದೆ. ಈ ಅಂಗಳಗಳ ಬಹುಪಾಲು ಇರುವುದು ಮ್ಯಾನ್‌ಹ್ಯಾಟನ್ನಿನ ಕಚೇರಿಗಳ ನಡುವೆ. ಆಕಾಶಕ್ಕೆ ಬೆಲೆ ಇರುವಲ್ಲಿ ಮಾತ್ರ ಈ ವ್ಯಾಪಾರ ನಡೆಯುತ್ತದೆ. ಬ್ರಾಂಕ್ಸಿನಲ್ಲಿ ಹೆಚ್ಚಿನ ಅಂತಸ್ತಿಗೆ ಗಿರಾಕಿ ಇಲ್ಲದ ಕಾರಣ ಅಲ್ಲಿನ ಮುದುಕರಿಗೆ ಕಟ್ಟೆಯೂ ಇಲ್ಲ. ಕೂರುವ ಜಾಗವನ್ನು ಮಾರಾಟದ ಪದಾರ್ಥ ಮಾಡಿದ ಮೇಲೆ ಅದನ್ನು ಕೊಡದಿರುವುದೂ ಒಂದು ನೀತಿಯಾಗಿಬಿಡುತ್ತದೆ. 2021ರ ಜನವರಿ ಒಂದರಂದು ಹಳೆಯ ಅಂಚೆ ಕಟ್ಟಡದಲ್ಲಿ ತೆರೆದ ಮೊಯ್ನಿಹಾನ್ ರೈಲು ನಿಲ್ದಾಣದ ಗಾಜಿನ ಛಾವಣಿ ನೋಡಿದರೆ ಕಣ್ಣು ತುಂಬುತ್ತದೆ, ಆದರೆ ಆ ದೊಡ್ಡ ಹಜಾರದಲ್ಲಿ ಬೆಂಚುಗಳನ್ನೇ ಇಡದೆ ತೆರೆದರು. ಕುರ್ಚಿ ಬೇಕಿದ್ದವರು ಟಿಕೆಟ್ ತೋರಿಸಿ ಬೇರೆ ಕೋಣೆಗೆ ಹೋಗಬೇಕಿತ್ತು. ಮನೆಯಿಲ್ಲದವರು ಬಂದು ಮಲಗಿಯಾರು ಎಂಬ ಲೆಕ್ಕಾಚಾರವೆಂದು ಟೀಕಿಸಿದವರು ಬಹಳ. ಸಾಮಾನು ಹೊತ್ತ ಪ್ರಯಾಣಿಕರು ಗೋಡೆಗೊರಗಿ ನೆಲದ ಮೇಲೆ ಕೂತ ಚಿತ್ರಗಳು ಎಲ್ಲ ಕಡೆ ಬಂದವು. ವೈಟ್ ಇದಕ್ಕೆ ನಲವತ್ತು ವರ್ಷ ಮೊದಲೇ ಉತ್ತರ ಹೇಳಿದ್ದರು: ಕೆಲವರು ಬಾರದಿರಲಿ ಎಂದು ಜಾಗವನ್ನು ಕೆಡಿಸಿದರೆ ಉಳಿದವರೆಲ್ಲ ಬಿಟ್ಟು ಹೋಗುತ್ತಾರೆ, ಉಳಿಯುವುದು ಆ ಕೆಲವರೇ.

ನಾನು ಇದನ್ನೆಲ್ಲ ದೊಡ್ಡ ದನಿಯಲ್ಲಿ ಹೇಳುವಾಗ ಅಪ್ಪ ನೆನಪಿಸಿದ್ದು ನಮ್ಮ ಮನೆಯ ಜಗಲಿಯನ್ನು. ಸಂತೆಗೆ ಹೋಗುವವರು ಹೇಳದೆ ಕೇಳದೆ ಹತ್ತಿ ಕೂತು, ನೀರು ಬೆಲ್ಲ ಕೇಳಿ, ಎದ್ದು ಹೋಗುತ್ತಿದ್ದ ಜಗಲಿ ಅದು. 1998ರಲ್ಲಿ ಅದಕ್ಕೆ ಕಬ್ಬಿಣದ ಗ್ರಿಲ್ ಹಾಕಿಸಿದವರು ಅವರೇ. "ಗ್ರಿಲ್ ಹಾಕ್ಬೇಡಿ ಅಂತ ಯಾರೂ ಬರೆದಿರ್ಲಿಲ್ಲ" ಎಂದು ನಕ್ಕರು, ಅಷ್ಟೇನೂ ಸಂತೋಷವಿಲ್ಲದ ನಗು.

ಹೊರಡುವ ಹಿಂದಿನ ವಾರ ಅವರನ್ನು ಆರೂವರೆ ಅವೆನ್ಯೂಗೆ ಕರೆದುಕೊಂಡು ಹೋದೆ. ತಮಾಷೆಯಲ್ಲ, ನಿಜವಾಗಿಯೂ ಅದೇ ಹೆಸರು. 2012ರಲ್ಲಿ ಸಾರಿಗೆ ಇಲಾಖೆಯವರು ಆರು ಮತ್ತು ಏಳನೇ ಅವೆನ್ಯೂಗಳ ನಡುವೆ, 51ರಿಂದ 57ನೇ ಬೀದಿಯವರೆಗೆ, ಇಂಥದೇ ಬಹುಮಾನದ ಅಂಗಳ ಮೊಗಸಾಲೆಗಳನ್ನು ಒಂದಕ್ಕೊಂದು ಪೋಣಿಸಿ, ನಡೆಯುವವರಿಗೆಂದು ದಾರಿ ಮಾಡಿ, ಹಸಿರು ಬೋರ್ಡಿನ ಮೇಲೆ ಆರೂವರೆ ಎಂದು ಬರೆಸಿದ್ದಾರೆ. 1811ರ ನಕ್ಷೆಯಲ್ಲಿ ಇಲ್ಲದ ಬೀದಿ ಎಂದರೆ ಸರ್ವೆಯವರಿಗೆ ಸಣ್ಣ ವಿಷಯವೇ? ಅಪ್ಪ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಅಲ್ಲಿಂದ ನಿಧಾನಕ್ಕೆ ಬ್ರಯಂಟ್ ಪಾರ್ಕಿಗೆ ನಡೆದೆವು. ಅದು ಅಂಗಳವಲ್ಲ, ನಗರದ ಉದ್ಯಾನವೇ. ಒಂದು ಕಾಲದಲ್ಲಿ ಮಾದಕ ಮಾರುವವರ ಬೀಡಾಗಿದ್ದದ್ದು. ವೈಟ್ ಅವರ ಸಲಹೆಯಂತೆ ಬೇಲಿಗಿಡಗಳನ್ನು ತೆಗೆದು, ಬೀದಿಗೆ ಕಾಣುವಂತೆ ಮಾಡಿ, ಜಡಿಯದ ಹಸಿರು ಕುರ್ಚಿಗಳನ್ನು ಹರಡಿ 1992ರಲ್ಲಿ ಮತ್ತೆ ತೆರೆದರು.

ನಾನು ಕಾಫಿ ತರಲು ಹೋಗಿ ಹಿಂದಿರುಗುವಾಗ ದೂರದಿಂದಲೇ ಅಪ್ಪ ಕಂಡರು. ಮರದ ಕೆಳಗೆ ಒಂದು ಕುರ್ಚಿಯನ್ನು ಹಿಡಿದು ಗೇಣಷ್ಟು ಎಡಕ್ಕೆ ಎಳೆದರು, ನೋಡಿದರು, ಮತ್ತೆ ಬಲಕ್ಕೆ ತಂದರು, ಕೂತರು. ಪಕ್ಕದ ಖಾಲಿ ಕುರ್ಚಿಯನ್ನು ಕೇಳಲು ಯಾರೋ ಹುಡುಗ ಬಂದಂತಾಯಿತು; ಅಷ್ಟರಲ್ಲಿ ಅಪ್ಪ ಹೆಗಲ ಮೇಲಿದ್ದ ಟವೆಲನ್ನು ಎತ್ತಿ, ಸಾಗರದ ಬಸ್ಸಿನ ಕಿಟಕಿಯಿಂದ ಸೀಟು ಹಿಡಿಯುವ ಹಾಗೆ, ಅದರ ಮೇಲೆ ಹಾಕಿದರು.